ಮಾತಿಲ್ಲದವಳ ಸಾಕ್ಷಿ

ಸಾಕ್ಷಿ ಎಂದರೆ ಬಾಯಿಂದ ಹೇಳಿದ ಮಾತು ಮಾತ್ರವೆಂದು ನಮ್ಮಲ್ಲಿ ಅನೇಕರು ಭಾವಿಸುವದುಂಟು. ಇದು ಸರಿಯೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ನೇತ್ರಾವತಿಯ ತೀರದ ನರಿಕೊಂಬು ಗ್ರಾಮದಲ್ಲಿ ಹುಟ್ಟಿನಿಂದಲೇ ಕಿವಿ ಕೇಳದ ಒಬ್ಬ ಹುಡುಗಿ ಇರುವಳೆಂದು ಎಣಿಸೋಣ. ಮನೆಯವರ ಮಾತು ತುಳು. ಶಾಲೆಯ ಭಾಷೆ ಕನ್ನಡ. ಆಕೆಯ ಸ್ವಂತ ಭಾಷೆಯಾದರೋ ಕೈಸನ್ನೆ. ದುಷ್ಟನೊಬ್ಬನು ಆಕೆಯ ಮಾನಕ್ಕೆ ಕೈಹಾಕಿದರೆ, ಇವಳು ಯಾರಿಗೂ ಹೇಳಲಾರಳೆಂಬ ನಂಬಿಕೆಯೇ ಅವನಿಗೆ ಧೈರ್ಯವಾಗುವದು. ಆದಕಾರಣ ಆಕೆಯ ಸನ್ನೆಗೆ ನ್ಯಾಯಸ್ಥಾನದಲ್ಲಿ ಬೆಲೆಯುಂಟೋ ಎಂಬದು ದೊಡ್ಡ ಪ್ರಶ್ನೆಯು.

ಬೆಲೆಯುಂಟು. ಮಾತನಾಡಲಾರದ ಸಾಕ್ಷಿಯು ಬರೆಹದಿಂದಾಗಲಿ ಸನ್ನೆಯಿಂದಾಗಲಿ ತಿಳಿಸಿದ್ದನ್ನು ಬಾಯಿಸಾಕ್ಷಿಯಂತೆಯೇ ಎಣಿಸತಕ್ಕದ್ದೆಂದು 1872ರ ಸಾಕ್ಷ್ಯ ಅಧಿನಿಯಮದ 119ನೆಯ ಕಲಮು ವಿಧಿಸಿತ್ತು. 2013ರ ತಿದ್ದುಪಡಿಯು ಇದಕ್ಕೆ ಎರಡು ಸಹಾಯಗಳನ್ನು ಕೂಡಿಸಿತು: ದುಭಾಷಿಯನ್ನು ಇಲ್ಲವೆ ವಿಶೇಷ ಶಿಕ್ಷಕರನ್ನು ಕರೆಯಿಸುವದು, ಹೇಳಿಕೆಯನ್ನು ವಿಡಿಯೋದಲ್ಲಿ ದಾಖಲಿಸುವದು. 2024ರ ಜುಲೈ 1ರಿಂದ ಈ ವಿಧಿಯು ಭಾರತೀಯ ಸಾಕ್ಷ್ಯ ಅಧಿನಿಯಮದ 125ನೆಯ ಕಲಮಿನಲ್ಲಿರುವದು. ವಿಡಿಯೋ ಯಾತಕ್ಕೆ? ಕಾಗದದಲ್ಲಿ ಬರೆದುಕೊಂಡಾಗ ಉಳಿಯುವದು ದುಭಾಷಿಯ ಮಾತೇ ಹೊರತು ಹುಡುಗಿಯ ಸನ್ನೆಯಲ್ಲ. ಸನ್ನೆಯು ದಾಖಲಾಗಿದ್ದರೆ ದುಭಾಷಿಯು ತಪ್ಪಿದನೋ ಇಲ್ಲವೋ ಎಂದು ಮುಂದೆ ಪರೀಕ್ಷಿಸಬಹುದು.

ಇಂಥ ಅಪರಾಧಗಳಲ್ಲಿ ಆಕೆಯು ಠಾಣೆಯ ಮೆಟ್ಟಲು ಹತ್ತಬೇಕೆಂದಿಲ್ಲ. ಪೊಲೀಸರೇ ಆಕೆಯ ಮನೆಗೆ, ಇಲ್ಲವೆ ಆಕೆಗೆ ಅನುಕೂಲವಾದ ಸ್ಥಳಕ್ಕೆ ಬಂದು, ದುಭಾಷಿಯ ಸಮಕ್ಷಮದಲ್ಲಿ ದೂರನ್ನು ಬರೆದುಕೊಳ್ಳತಕ್ಕದ್ದು. ಸಾಕ್ಷಿಯು ತನಗೆ ಒಗ್ಗಿದ ಭಾಷೆಯಲ್ಲಿಯೂ ರೀತಿಯಲ್ಲಿಯೂ ಹೇಳಿಕೆ ಕೊಡುವದಕ್ಕೆ ಬೇಕಾದ ಸೌಕರ್ಯಗಳನ್ನು ಸರಕಾರವು ಒದಗಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 12ನೆಯ ಕಲಮು ಹೇಳುತ್ತದೆ. 1987ರ ಕಾನೂನು ಸೇವೆಗಳ ಅಧಿನಿಯಮದ ಪ್ರಕಾರ ಆಕೆಗೆ ವಕೀಲರ ನೆರವು ಉಚಿತವಾಗಿ ದೊರೆಯುವದು.

ಕಣ್ಣಿಲ್ಲದವರ ವಿಷಯದಲ್ಲಿಯೂ ಹೀಗೆಯೇ. ನೆರೆಯ ಆಂಧ್ರಪ್ರದೇಶದಲ್ಲಿ ಹುಟ್ಟುಕುರುಡಿಯಾದ ಯುವತಿಯೊಬ್ಬಳು ತನ್ನನ್ನು ಕೆಡಿಸಿದವನನ್ನು ಸ್ವರದಿಂದ ಗುರುತಿಸಿದಳು. 2021ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯವು ಪಠಾಣ್ ಜಮಾಲ್ ವಲಿ ಮೊಕದ್ದಮೆಯಲ್ಲಿ ಆ ಗುರುತನ್ನು ಅಂಗೀಕರಿಸಿ, ಅಂಗವೈಕಲ್ಯದ ಕಾರಣದಿಂದ ಯಾರ ಸಾಕ್ಷಿಯನ್ನೂ ಕೀಳಾಗಿ ಎಣಿಸಕೂಡದೆಂದು ತೀರ್ಪಿತ್ತಿತು.

ಅಪರಾಧದ ಆರೋಪ ಹೊತ್ತವರಿಗೂ ಈ ನ್ಯಾಯವು ಸಲ್ಲುವದು. ವಿಚಾರಣೆಯನ್ನು ತಿಳಿಯಲಾರದವನಿಗೆ ಕೆಳಗಿನ ನ್ಯಾಯಾಲಯದಲ್ಲಿ ಅಪರಾಧವು ಸ್ಥಾಪಿತವಾದರೆ, ಆ ಪ್ರಕರಣವನ್ನು ಹೈಕೋರ್ಟಿಗೆ ಕಳುಹಿಸತಕ್ಕದ್ದು.

ಹೀಗೆ ಕಾನೂನು ದಾರಿಯನ್ನು ತೆರೆದಿದೆ; ಆದರೆ ಆ ದಾರಿಗೆ ಕರೆದುಕೊಂಡು ಹೋಗುವವರು ನೆರೆಹೊರೆಯವರು. ಆದುದರಿಂದ ವಿದ್ಯಾರ್ಥಿನಿಯರಾದ ನಾವು ಅಂಥ ಸಹೋದರಿಯ ಸನ್ನೆಗಳನ್ನು ಕಲಿಯೋಣ; ಆಕೆ ಏನನ್ನಾದರೂ ತಿಳಿಸಲು ಬಂದಾಗ ಅವಸರಪಡದೆ ಕಡೆಯ ವರೆಗೆ ನೋಡೋಣ.