ಡಿಶ್‌ಗೆ ಗಡಿ ಗೊತ್ತಿಲ್ಲ: ಹೊರರಾಜ್ಯದಲ್ಲಿ ಕನ್ನಡ ಚಾನೆಲ್ ಹಾಕಿಸುವ ಬಗೆ

ಅಕ್ಕ ಪುಣೆಗೆ ಮನೆ ಬದಲಿಸುವಾಗ ಹುಬ್ಬಳ್ಳಿಯ ಸೆಟ್‌ಟಾಪ್ ಬಾಕ್ಸನ್ನು ಹಳೇ ಸೀರೆಯಲ್ಲಿ ಸುತ್ತಿ, ಡಿಶ್ ಸಮೇತ ಲಾರಿಗೆ ಹಾಕಿಸಿದ್ದಳು. ‘ಇದು ಕರ್ನಾಟಕದ ಬಾಕ್ಸ್, ಅಲ್ಲಿ ತಗೊಂಡ್ರ ಮರಾಠಿ ಬಾಕ್ಸ್ ಕೊಡ್ತಾರ’ ಎಂಬುದು ಆಕೆಯ ನಂಬಿಕೆ. ಅಲ್ಲಿ ಯಾರನ್ನೋ ಹಿಡಿದು ಡಿಶ್ ಕೂರಿಸಿಕೊಂಡಳು, ಚಾನೆಲ್‌ಗಳೂ ಬಂದವು. ಮೂರು ತಿಂಗಳಿಗೆ ಗಾಳಿಗೆ ಡಿಶ್ ತಿರುಗಿತು. ದೂರು ಕೊಟ್ಟ ಮರುದಿನ ಕಂಪನಿಯ ಹುಡುಗನ ಫೋನು: ‘ಮೇಡಂ, ಮನಿ ಮುಂದ ನಿಂತೀನ್ರಿ, ಕೀಲಿ ಹಾಕೇತಲ್ಲ?’ ಅವನು ನಿಂತಿದ್ದದ್ದು ಹುಬ್ಬಳ್ಳಿಯಲ್ಲಿ. ಅಕ್ಕ ವಿಳಾಸ ಬದಲಿಸಿರಲೇ ಇಲ್ಲ. ಬದಲಿಸಿದರೆ ಕನ್ನಡ ಹೋಗಿಬಿಡುತ್ತದೆಂಬ ಭಯ.

ಈ ಭಯ ಅಕ್ಕನೊಬ್ಬಳದಲ್ಲ. ಮುಂಬೈ, ಹೈದರಾಬಾದ್, ದೆಹಲಿ ಎಲ್ಲ ಕಡೆಯ ಕನ್ನಡಿಗರೂ ಇದನ್ನೇ ಕೇಳುತ್ತಾರೆ. ಕೇಬಲ್‌ನವರ ರೂಢಿಯಿಂದ ಬಂದ ಭಯ ಇದು. ಕೇಬಲ್‌ನವರು ಆಯಾ ಊರಿನಲ್ಲಿ ಓಡುವ ಭಾಷೆಯ ಚಾನೆಲ್‌ಗಳನ್ನಷ್ಟೇ ಹಿಡಿದು ಹಂಚುತ್ತಾರೆ, ಕನ್ನಡಕ್ಕೆ ಹತ್ತು ಮನೆ ಕೇಳಿದರೆ ಕಿವಿಗೊಡುವುದಿಲ್ಲ. ಡಿಶ್ ಮೂಲಕ ಮನೆಗೆ ನೇರ ಬರುವ ಡಿಟಿಎಚ್‌ನ ಲೆಕ್ಕ ಬೇರೆ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹ ಇಡೀ ದೇಶಕ್ಕೆ ಒಂದೇ ಸಂಕೇತ ಸುರಿಯುತ್ತದೆ. ಬೆಳಗಾವಿಯ ಮಾಳಿಗೆಗೆ ಬೀಳುವ ಕನ್ನಡ ಚಾನೆಲ್ ಈ ಕ್ಷಣ ದೆಹಲಿಯ ಮಾಳಿಗೆಗೂ ಬೀಳುತ್ತಿದೆ. ಅದನ್ನು ಬಿಡಿಸಿ ತೋರಿಸುವ ಅನುಮತಿ ನಿಮ್ಮ ಬಾಕ್ಸ್‌ಗೆ ಇದೆಯೋ ಇಲ್ಲವೋ, ಪ್ರಶ್ನೆ ಅಷ್ಟೇ. (ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಒಂದೊಂದು ಪ್ರದೇಶದ ಲೋಕಲ್ ಚಾನೆಲ್‌ಗಳನ್ನು ಆ ಪ್ರದೇಶಕ್ಕಷ್ಟೇ ಬೀಳುವ ಕಿರಿದಾದ ಕಿರಣದಲ್ಲಿ ಕಳಿಸುತ್ತಾರೆ. ಬೇರೆ ಊರಿನದು ಬೇಕೆಂದರೆ ಕಾನೂನೂ ಅಡ್ಡ ಬರುತ್ತದೆ. ನಮ್ಮದು ಎಷ್ಟೋ ವಾಸಿ.)

ಮೊದಲು ಒಂದು ಹಾಳೆ ತೆಗೆದುಕೊಂಡು ಮನೆಯವರು ನಿಜಕ್ಕೂ ನೋಡುವ ಚಾನೆಲ್‌ಗಳ ಹೆಸರು ಬರೆಯಿರಿ. ‘ಎಲ್ಲಾ ಕನ್ನಡ ಚಾನೆಲ್’ ಎಂದು ಬರೆಯಬೇಡಿ. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಹಣ ಕಟ್ಟಿ ನೋಡುವಂಥವು. ಸುದ್ದಿ ವಾಹಿನಿಗಳಲ್ಲಿ ಹಲವು ಉಚಿತ. ದೂರದರ್ಶನದ ಚಂದನಕ್ಕೆ ಬೇರೆ ಬೆಲೆಯಿಲ್ಲ. ಕರಾವಳಿಯವರು ಕೇಳುವ ತುಳು–ಕನ್ನಡ ಲೋಕಲ್ ಚಾನೆಲ್‌ಗಳು ಮಾತ್ರ ಬೇರೆ ಜಾತಿ. ಅವುಗಳಲ್ಲಿ ಹೆಚ್ಚಿನವು ಆ ಊರಿನ ಕೇಬಲ್‌ನಲ್ಲಷ್ಟೇ ಹರಿಯುತ್ತವೆ, ಉಪಗ್ರಹಕ್ಕೆ ಏರುವುದೇ ಇಲ್ಲ. ಯಾವ ಡಿಶ್ ಹಾಕಿದರೂ ಬಾರವು. ಮೊಬೈಲಿನಲ್ಲಿ ನೋಡಿಕೊಳ್ಳಿ.

ಆಮೇಲೆ ಬಾಲ್ಕನಿ. ಕಂಪನಿ ಆರಿಸುವ ಮೊದಲೇ ಇದನ್ನು ನೋಡಬೇಕು. ಜನ ಜಾಹೀರಾತು ನೋಡಿ ಕಂಪನಿ ಆರಿಸುತ್ತಾರೆ, ಹುಡುಗ ಬಂದು ‘ಸಿಗ್ನಲ್ ಇಲ್ಲ ಸರ್’ ಎಂದಾಗ ಬಾಯಿ ಬಾಯಿ ಬಿಡುತ್ತಾರೆ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಡಿಡಿ ಫ್ರೀ ಡಿಶ್ 93.5ರಲ್ಲಿ, ಏರ್‌ಟೆಲ್ 108.2ರಲ್ಲಿ. ಪುಣೆಯಿಂದ ನೋಡಿದರೆ ಮೊದಲನೆಯದು ದಕ್ಷಿಣದಿಂದ ಸ್ವಲ್ಪ ಪೂರ್ವಕ್ಕೆ, ಎರಡನೆಯದು ಆಗ್ನೇಯಕ್ಕೆ, ಮೂರನೆಯದು ಪೂರ್ವದಿಂದ ಕೊಂಚ ದಕ್ಷಿಣಕ್ಕೆ ವಾಲಿದಂತೆ. ಹಾಗಾಗಿ ಬರೇ ಪೂರ್ವಕ್ಕೆ ತೆರೆದ ಬಾಲ್ಕನಿಯಲ್ಲಿ ಒಂದು ಕಂಪನಿಯದು ಬಂದು ಇನ್ನೊಂದರದು ಬಾರದೆ ಹೋಗಬಹುದು. ಉತ್ತರಕ್ಕೋ ಪಶ್ಚಿಮಕ್ಕೋ ಮಾತ್ರ ತೆರೆದ ಬಾಲ್ಕನಿಯಾದರೆ ಆಸೆ ಬಿಟ್ಟು ತಾರಸಿ ಹತ್ತಬೇಕು, ಅದಕ್ಕೆ ಸೊಸೈಟಿಯ ಒಪ್ಪಿಗೆ ಮೊದಲೇ ಬರಹದಲ್ಲಿ ಪಡೆಯಿರಿ. ತಾರಸಿಯಿಂದ ಕೆಳಮಹಡಿಗೆ ಉಚಿತವಾಗಿ ಕೊಡುವ ವೈರ್ ಸಾಲುವುದಿಲ್ಲ, ಹೆಚ್ಚುವರಿಗೆ ಮೀಟರ್ ಲೆಕ್ಕ.

ಎತ್ತರವನ್ನೂ ಗಮನಿಸಿ. ಪುಣೆಯಲ್ಲಿ 83 ಡಿಗ್ರಿಯ ಉಪಗ್ರಹ ದಿಗಂತದಿಂದ ಹತ್ತಿರಹತ್ತಿರ 66 ಡಿಗ್ರಿ ಮೇಲಿರುತ್ತದೆ, ಅಂದರೆ ಮೇಲಿನ ಮನೆಯ ಸ್ಲ್ಯಾಬ್ ಅಡ್ಡ ಬರುತ್ತದೆ. ಡಿಶ್ಶನ್ನು ಗ್ರಿಲ್‌ನ ಆಚೆ ಚಾಚಿ ಕೂರಿಸಬೇಕು. ಡಿಶ್ ಅಷ್ಟೇನೂ ಮೇಲಕ್ಕೆ ನೋಡುತ್ತಿಲ್ಲ ಎಂದು ಕಣ್ಣಿಗೆ ಅನಿಸುತ್ತದೆ. ಅದರ ಆಕಾರವೇ ಹಾಗೆ. ನಿಜವಾದ ನೋಟ ತೋರುವುದಕ್ಕಿಂತ ಬಹಳ ಮೇಲಕ್ಕಿರುತ್ತದೆ.

ದಿಕ್ಕು ಸರಿಯಿದ್ದರೆ ನೀವು ವಾಸಿಸುವ ಊರಿನ ವಿಳಾಸ ಕೊಟ್ಟೇ ಸಂಪರ್ಕ ಪಡೆಯಿರಿ. ಹಳೆಯ ಬಾಕ್ಸ್ ಇದ್ದರೆ ಕಂಪನಿಗೆ ಫೋನ್ ಮಾಡಿ ‘ರೀಲೊಕೇಶನ್’ ಎನ್ನಿ, ಬಾಕ್ಸ್ ಅದೇ ಇರುತ್ತದೆ, ವಿಳಾಸ ಬದಲಾಗುತ್ತದೆ, ಕನ್ನಡ ಎಲ್ಲೂ ಹೋಗುವುದಿಲ್ಲ.

ಪ್ಯಾಕ್ ವಿಷಯಕ್ಕೆ ಬರೋಣ. ಪುಣೆಯ ಹುಡುಗ ಕೇಳದೆಯೇ ಹಿಂದಿ–ಮರಾಠಿ ಪ್ಯಾಕ್ ಹಾಕುತ್ತಾನೆ, ಅದು ಅವನ ಅಭ್ಯಾಸ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ, 2019ರಿಂದ ಜಾರಿಯಲ್ಲಿರುವ ನಿಯಮದಂತೆ ಪ್ರತಿ ಪಾವತಿ ಚಾನೆಲ್ಲನ್ನೂ ಬಿಡಿಯಾಗಿ ಆರಿಸುವ ಹಕ್ಕು ನಿಮಗಿದೆ. ನಿಮ್ಮ ಹಾಳೆ ಹಿಡಿದು ಒಂದೊಂದೇ ಹೆಸರು ಹೇಳಿ, ಬಿಡಿಯಾಗಿ ಎಷ್ಟು, ಕನ್ನಡ ಪ್ಯಾಕ್‌ನಲ್ಲಿ ಎಷ್ಟು ಎಂದು ಕೇಳಿ. ಒಂದೇ ಸಮೂಹದ ಮೂರು ನಾಲ್ಕು ಚಾನೆಲ್ ಬೇಕಾದರೆ ಸಾಮಾನ್ಯವಾಗಿ ಪ್ಯಾಕೇ ಅಗ್ಗ. ‘ಸೌತ್’ ಎಂಬ ಹೆಸರಿನ ಪ್ಯಾಕ್ ಕಂಡು ಮರುಳಾಗಬೇಡಿ, ಅದರಲ್ಲಿ ಕನ್ನಡ ಎಷ್ಟಿದೆ ಎಣಿಸಿ. ಪ್ಯಾಕ್‌ನಲ್ಲಿ ಎಸ್‌ಡಿ ಚಾನೆಲ್ ಇದ್ದೂ ಮೇಲೆ ಅದರದೇ ಎಚ್‌ಡಿ ಹಾಕಿಸಿದರೆ ಎರಡಕ್ಕೂ ದುಡ್ಡು ಕಟ್ಟುತ್ತೀರಿ. ಚಾನೆಲ್ ಬೆಲೆಯಲ್ಲದೆ ನೆಟ್‌ವರ್ಕ್ ಶುಲ್ಕ ಎಂದೊಂದಿದೆ. ಮೊದಲು ಇದಕ್ಕೆ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಇತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿ ತೆಗೆದಿದೆ. ಆದ್ದರಿಂದ ಬೆಂಗಳೂರಿನ ತಮ್ಮ ಇಷ್ಟು ಕಟ್ಟುತ್ತಾನೆ ಎಂಬ ಲೆಕ್ಕ ಬೇಡ, ನಿಮ್ಮ ಊರಿನ ದರ ಕೇಳಿ.

ಇನ್ನು ನನ್ನ ತಲೆ ತಿನ್ನುವ ತಪ್ಪು. ಮಗ ಬೆಂಗಳೂರಿನಲ್ಲಿ ಕೂತು ಮೊಬೈಲಿನಿಂದ ಸೊಲ್ಲಾಪುರದ ಅಮ್ಮನ ಬಾಕ್ಸ್‌ಗೆ ಕನ್ನಡ ಪ್ಯಾಕ್ ಹಾಕುತ್ತಾನೆ. ದುಡ್ಡು ಹೋಯಿತು, ಮೆಸೇಜ್ ಬಂತು. ಅಮ್ಮ ಸಂಜೆ ಟಿವಿ ಹಾಕಿದರೆ ‘ಈ ಚಾನೆಲ್‌ಗೆ ನೀವು ಚಂದಾದಾರರಲ್ಲ’. ಮಗ ಇನ್ನೊಂದು ಪ್ಯಾಕ್ ಸೇರಿಸುತ್ತಾನೆ! ಅಮ್ಮ ಪಕ್ಕದ ಮನೆಯ ಹುಡುಗನನ್ನು ಕರೆದು ಬಾಕ್ಸ್ ರೀಸೆಟ್ ಮಾಡಿಸುತ್ತಾರೆ. ಯಾರದೂ ತಪ್ಪಲ್ಲ, ಮಗ ದುಡ್ಡು ಕಟ್ಟುವಾಗ ಅಮ್ಮ ಗೋಡೆಯ ಸ್ವಿಚ್ ಆರಿಸಿ ಗುಡಿಗೆ ಹೋಗಿದ್ದರು, ಅಷ್ಟೇ. ಬಾಕ್ಸ್‌ಗೆ ಕೇಳುವ ಬಾಯಿಲ್ಲ, ಕೇಳಿಸಿಕೊಳ್ಳುವ ಕಿವಿ ಮಾತ್ರ. ‘ಈ ನಂಬರಿನ ಬಾಕ್ಸ್‌ಗೆ ಈ ಚಾನೆಲ್ ತೆರೆ’ ಎಂಬ ಆಜ್ಞೆ ಉಪಗ್ರಹದಿಂದಲೇ ಬರುತ್ತದೆ. ಕೆಲ ಹೊತ್ತು ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬಾಕ್ಸ್‌ಗೆ ಕರೆಂಟ್ ಇಲ್ಲದಿದ್ದರೆ ಆಜ್ಞೆ ಗಾಳಿಗೆ ಹೋಯಿತು. ಟಿವಿ ಆನ್ ಇದ್ದರೆ ಬಾಕ್ಸ್ ಆನ್ ಎಂದಲ್ಲ, ರಿಮೋಟ್‌ನಲ್ಲಿ ಆರಿಸಿ ಮಲಗಿಸಿದ ಬಾಕ್ಸನ್ನೂ ನಾನು ನಂಬುವುದಿಲ್ಲ. ದುಡ್ಡು ಕಟ್ಟುವ ಮೊದಲು ಅಮ್ಮನಿಗೆ ಫೋನ್ ಮಾಡಿ, ಬಾಕ್ಸ್ ಹಾಕಿಸಿ, ಬೇಕಾದ ಕನ್ನಡ ಚಾನೆಲ್‌ನ ಮೇಲೇ ನಿಲ್ಲಿಸಿ, ಆಮೇಲೆ ಕಟ್ಟಿ. ಅರ್ಧ ಗಂಟೆ ಆರಿಸಬೇಡಿ. ಆದರೂ ಬಾರದಿದ್ದರೆ ಹೊಸ ಪ್ಯಾಕ್ ಬೇಡ, ಆ್ಯಪ್‌ನಲ್ಲಿ ‘ರಿಫ್ರೆಶ್’ ಒತ್ತಿ ಅಥವಾ ಫೋನ್ ಮಾಡಿ ರಿಫ್ರೆಶ್ ಕೇಳಿ, ಅದೇ ಆಜ್ಞೆಯನ್ನು ಮತ್ತೊಮ್ಮೆ ಕಳಿಸುತ್ತಾರೆ. ಬೇಸಿಗೆಗೆ ಊರಿಗೆ ಹೋಗಿ ತಿಂಗಳುಗಟ್ಟಲೆ ಬಾಕ್ಸ್ ಆರಿಸಿಟ್ಟವರಿಗೂ ಇದೇ ಮದ್ದು.

ಉಳಿದವು ಚುಟುಕಾಗಿ. ತಿಂಗಳ ಬಾಡಿಗೆಯೇ ಬೇಡ, ಚಂದನ ಸಾಕು ಎನ್ನುವವರಿಗೆ ಫ್ರೀ ಡಿಶ್ ಇದೆ. ಬಾಕ್ಸ್ ಕೊಳ್ಳುವಾಗ ಎಂಪೆಗ್–4 ಕೇಳಿ, ಹಳೆಯ ಎಂಪೆಗ್–2 ಬಾಕ್ಸ್‌ನಲ್ಲಿ ಕೆಲ ಚಾನೆಲ್ ಬಾರವು. ಜೋರು ಮಳೆಗೆ ಚಿತ್ರ ಹೋದರೆ ಡಿಶ್ ಮುಟ್ಟಬೇಡಿ, ಮೋಡ ಸರಿದರೆ ತಾನೇ ಬರುತ್ತದೆ. ಮಳೆ ನಿಂತ ಮೇಲೂ ಬಾರದಿದ್ದರೆ ಡಿಶ್‌ನ ತುದಿಯ ಕನೆಕ್ಟರ್‌ಗೆ ನೀರು ಇಳಿದಿರಬಹುದು. ಗಲ್ಫ್‌ಗೆ ಇಲ್ಲಿಯ ಬಾಕ್ಸ್ ಒಯ್ಯುವವರಿದ್ದಾರೆ, ಒಯ್ಯಬೇಡಿ, ನಮ್ಮ ಡಿಟಿಎಚ್ ಚಂದಾ ಭಾರತದೊಳಗೆ ಮಾತ್ರ ಊರ್ಜಿತ.