ಬೆಳ್ಳಿತೆರೆಯ ಯತಿಗಳೂ ಯರಗೋಳದ ಗುಹೆಯೂ



ಗುರುಗಳ ಆರಾಧನೆಯ ಸಮಯದಲ್ಲಿ ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಮಹಾತ್ಮರ ಚರಿತ್ರೆಯ ಚಲನಚಿತ್ರಗಳನ್ನು ನೋಡುವುದುಂಟು. ಎಳೆಯರು ಕಣ್ಣಿಗೆ ಕಂಡುದನ್ನೇ ಇತಿಹಾಸವೆಂದು ನಂಬುತ್ತಾರೆ. ಆದುದರಿಂದ ಇಂತಹ ಚಿತ್ರಗಳಿಂದ ದೊರೆಯುವುದೇನು, ದೊರೆಯದೆ ಉಳಿಯುವುದೇನು ಎಂಬುದನ್ನು ವಿಚಾರಿಸುವುದು ಹಿರಿಯರ ಕರ್ತವ್ಯವಾಗಿದೆ.

1966ರಲ್ಲಿ ಟಿ. ವಿ. ಸಿಂಗ್ ಠಾಕೂರರ ನಿರ್ದೇಶನದಲ್ಲಿ ‘ಮಂತ್ರಾಲಯ ಮಹಾತ್ಮೆ’ ತೆರೆಕಂಡಿತು. ರಾಜಕುಮಾರರು ಶ್ರೀರಾಘವೇಂದ್ರಸ್ವಾಮಿಗಳ ಪಾತ್ರವನ್ನು ವಹಿಸಿದರು. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ಬಿ. ಆರ್. ಪಂತುಲು ಅವರು ನಿರ್ದೇಶನದೊಡನೆ ಮಂತ್ರಿ ತಿಮ್ಮರಸನ ಪಾತ್ರವನ್ನೂ ನಿರ್ವಹಿಸಿದರು. 1986ರಲ್ಲಿ ಜಿ. ವಿ. ಅಯ್ಯರ್ ಅವರು ‘ಮಧ್ವಾಚಾರ್ಯ’ವನ್ನು ನಿರ್ಮಿಸಿಕೊಟ್ಟರು. ಅದರ ಸಂಗೀತಕ್ಕಾಗಿ ಬಾಲಮುರಳೀಕೃಷ್ಣರಿಗೆ ರಾಷ್ಟ್ರಪ್ರಶಸ್ತಿಯು ಲಭಿಸಿತು. ಗ್ರಂಥಗಳ ಪರಿಚಯವಿಲ್ಲದ ಎಷ್ಟೋ ಮಂದಿಗೆ ಗುರುಗಳ ಸ್ಮರಣೆಯನ್ನು ಇಂತಹ ಚಿತ್ರಗಳು ಮಾಡಿಸಿದವು. ಈ ಉಪಕಾರವನ್ನು ಮರೆಯಲಾಗದು.

ಆದರೆ ಚಲನಚಿತ್ರಕ್ಕೆ ಘಟನೆ ಬೇಕು. ಕಿರೀಟ, ಕುದುರೆ, ರಾಜಸಭೆ, ಮಹಿಮೆ, ಇವು ಕಣ್ಣಿಗೆ ಹಬ್ಬ. ವರ್ಷಗಟ್ಟಲೆ ಒಂದೆಡೆ ಕುಳಿತು ಶಾಸ್ತ್ರವನ್ನು ಬರೆಯುವುದು ತೆರೆಗೆ ಘಟನೆಯೇ ಅಲ್ಲ! ಒಂದೋ ‘ಸುಧೆ’ಯನ್ನು ಓದಬೇಕು, ಇಲ್ಲವೇ ವಸುಧೆಯನ್ನು ಆಳಬೇಕು ಎಂಬ ಮಾತು ನಮ್ಮ ಪಂಡಿತರಲ್ಲಿ ರೂಢಿಯಲ್ಲಿದೆ. ವಸುಧೆಯನ್ನು ಆಳಿದವರನ್ನು ತೋರಿಸುವುದು ತೆರೆಗೆ ಸುಲಭ. ಸುಧೆಯನ್ನು ತೋರಿಸುವುದು ದುಸ್ಸಾಧ್ಯ.

ಇದಕ್ಕೆ ನಿದರ್ಶನವು ನಮ್ಮ ನೆರೆಯಲ್ಲಿಯೇ ಇದೆ. ಶ್ರೀಮಟ್ಟೀಕಾಕೃತ್ಪಾದರಾದ ಶ್ರೀಜಯತೀರ್ಥರು ಹದಿನಾಲ್ಕನೆಯ ಶತಮಾನದ ಮಹನೀಯರು. ಪೂರ್ವಾಶ್ರಮದಲ್ಲಿ ಅವರು ಕುದುರೆಯನ್ನೇರಿ ಬಂದು, ಕಾಗಿಣಾ ನದಿಯಲ್ಲಿ ಇಳಿಯದೆಯೇ ಬಾಗಿ, ಬಾಯಿಯಿಂದಲೇ ನೀರು ಕುಡಿದರೆಂದೂ, ಅದನ್ನು ಕಂಡ ಶ್ರೀಅಕ್ಷೋಭ್ಯತೀರ್ಥರು ಅವರ ಯೋಗ್ಯತೆಯನ್ನು ಗುರುತಿಸಿದರೆಂದೂ ಸಂಪ್ರದಾಯವು ಹೇಳುತ್ತದೆ. ಇಲ್ಲಿಯವರೆಗಿನ ಕಥೆ ಚಿತ್ರಕ್ಕೆ ಬಹು ಸೊಗಸು. ಮುಂದಿನದು? ರಾಜಯೋಗ್ಯ ಉಡುಪು ಹೋಗಿ ಕಾಷಾಯವು ಬಂದಿತು; ಕುದುರೆಯ ಬದಲು ಯಾದಗಿರಿ ತಾಲ್ಲೂಕಿನ ಯರಗೋಳದ ಗುಹೆ. ಅಲ್ಲಿ ಕುಳಿತು ಅವರು ಟೀಕೆಗಳನ್ನು ರಚಿಸಿದರೆಂಬುದು ಪರಂಪರೆಯ ಮಾತು. ಶ್ರೀಮಧ್ವರ ‘ಅನುವ್ಯಾಖ್ಯಾನ’ಕ್ಕೆ ಅವರು ಬರೆದ ಟೀಕೆಯೇ ‘ನ್ಯಾಯಸುಧಾ’.

ಈಗ ತೆರೆಯ ಕಡೆಗೆ ತಿರುಗಿ ನೋಡೋಣ. ಮಂತ್ರಾಲಯದ ಪ್ರಭುಗಳು ‘ಪರಿಮಳಾಚಾರ್ಯ’ರೆನಿಸಿದುದು ಆ ನ್ಯಾಯಸುಧೆಗೆ ‘ಪರಿಮಳ’ವೆಂಬ ವ್ಯಾಖ್ಯಾನವನ್ನು ಬರೆದುದರಿಂದ. ಕೃಷ್ಣದೇವರಾಯನಿಂದ ಗೌರವಿಸಲ್ಪಟ್ಟ ಶ್ರೀವ್ಯಾಸರಾಜರ ‘ತಾತ್ಪರ್ಯಚಂದ್ರಿಕಾ’ವಾದರೋ ಜಯತೀರ್ಥರ ‘ತತ್ತ್ವಪ್ರಕಾಶಿಕಾ’ಕ್ಕೆ ವ್ಯಾಖ್ಯಾನ. ಚಿತ್ರಗಳಿಗೆ ವಸ್ತುವಾದ ಮಂತ್ರಾಲಯ, ವಿಜಯನಗರಗಳ ಹಿಂದೆ ಯರಗೋಳದ ಆ ಕಿರುಗುಹೆ ನಿಂತಿದೆ.

ಆದುದರಿಂದ ಚಿತ್ರವು ಮುಗಿದ ಮೇಲೆ ಹಿರಿಯರು ಮಕ್ಕಳನ್ನು ಮೂರು ಪ್ರಶ್ನೆ ಕೇಳಲಿ. ಈ ಮಹನೀಯರು ಯಾವ ಶತಮಾನದವರು? ಇಲ್ಲಿ ಪರಂಪರೆಯ ಕಥೆ ಯಾವುದು, ಚಿತ್ರಕ್ಕಾಗಿ ಸೇರಿಸಿದುದು ಯಾವುದು? ಇವರು ಬರೆದ ಗ್ರಂಥ ಯಾವುದು? ಮೂರನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ನಾವು ವೇಷವನ್ನು ಕಂಡೆವು, ಗುರುಗಳನ್ನು ಕಾಣಲಿಲ್ಲ ಎಂದೇ ತಿಳಿಯಬೇಕು.

ಯಾದಗಿರಿಯ ಬೆಟ್ಟದ ಕೋಟೆಯನ್ನೂ ಸುರಪುರದ ಅರಮನೆಯನ್ನೂ ಮಕ್ಕಳಿಗೆ ತೋರಿಸುವೆವು, ಅದು ಒಳ್ಳೆಯದೇ. ಶಹಾಪುರ, ಸುರಪುರಗಳ ಬಂಧುಗಳಿಗೂ ಯರಗೋಳವು ದೂರವಲ್ಲ. ಆಷಾಢ ಬಹುಳ ಪಂಚಮಿಯು ಟೀಕಾರಾಯರ ಆರಾಧನೆಯ ದಿನ. ಆ ಹೊತ್ತಿಗೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಸುಧೆಯ ಹೆಸರನ್ನಾದರೂ ಅವರ ಕಿವಿಗೆ ಹಾಕೋಣ. ತೆರೆಯು ತೋರಿಸಲಾರದುದನ್ನು ಆ ಕಲ್ಲಿನ ಮೌನವು ತಿಳಿಸೀತು.

॥ ಶ್ರೀಕೃಷ್ಣಾರ್ಪಣಮಸ್ತು ॥