ಡ್ರೈ ಡಾಕ್‌ಗೆ ಹೊರಟ ಹಡಗು: ಹತ್ತೋಣವೇ, ಬಿಡೋಣವೇ?

ಪ್ರಶ್ನೆ: ಮಗಳು ಸಿಯಾಟಲ್‌ನಲ್ಲಿದ್ದಾಳೆ. ಸೆಪ್ಟೆಂಬರ್ ಕೊನೆಗೆ ನಾವು ಅಲ್ಲಿರುತ್ತೇವೆ. ನಮ್ಮಿಬ್ಬರಿಗೆ ಏಳು ದಿನದ ಅಲಾಸ್ಕಾ ಕ್ರೂಸ್ ನೋಡಿದ್ದಾಳೆ, ದರವೂ ಕಡಿಮೆ. ಆದರೆ ಆ ಸುತ್ತು ಮುಗಿದ ಕೂಡಲೇ ಹಡಗು ನವೀಕರಣಕ್ಕೆ ಹೋಗುತ್ತದಂತೆ. "ಹಳೇ ಹಡಗಿಗೆ ಯಾಕೆ ದುಡ್ಡು ಸುರಿಯೋದು? ಮುಂದಿನ ವರ್ಷ ಹೊಸದಾದ ಮೇಲೆ ಹೋದರಾಯಿತು" ಅನ್ನುತ್ತಾರೆ ನಮ್ಮ ಮನೆಯವರು. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಹೋಗಿ ಬನ್ನಿ. ದರ ಇಳಿದಿರುವುದಕ್ಕೆ ಹಡಗಿನ ವಯಸ್ಸಿಗಿಂತ ಸೀಸನ್ ಮುಗಿಯುತ್ತಿರುವುದೇ ದೊಡ್ಡ ಕಾರಣ. ಅಲಾಸ್ಕಾದ ಹಡಗುಗಳಿಗೆ ಅಕ್ಟೋಬರ್ ಕೊನೆಯ ಹೊತ್ತಿಗೆ ಅಲ್ಲಿ ಕೆಲಸ ಇರುವುದಿಲ್ಲ. ಹಾಗಾಗಿ ರಿಪೇರಿಗೂ ಅದು ಅನುಕೂಲದ ಕಾಲ.

ಕಾರ್ಪೆಟ್ ಸವೆದಿರುತ್ತದೆ, ಸೋಫಾದ ಬಟ್ಟೆ ಮಾಸಿರುತ್ತದೆ, ಬಾಲ್ಕನಿಯ ಕಂಬಿಯಲ್ಲಿ ತುಕ್ಕು ಕಾಣಬಹುದು. ಮುಂದಿನ ತಿಂಗಳು ಕಿತ್ತು ಹಾಕುವ ಹಾಸಿಗೆಗೆ ಈಗ ಯಾರೂ ದುಡ್ಡು ಹಾಕುವುದಿಲ್ಲ. ಇಷ್ಟಕ್ಕೆ ಹೆದರಬೇಕಾಗಿಲ್ಲ. ಅಡುಗೆಮನೆಯ ಶುಚಿಯ ಬಗ್ಗೆ ಅನುಮಾನವೇ? ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹಡಗುಗಳಿಗೆ ದಿಢೀರ್ ಭೇಟಿ ಕೊಟ್ಟು ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಪಾಸು. ಪಟ್ಟಿ ಎಲ್ಲರಿಗೂ ತೆರೆದಿದೆ, ಮಗಳಿಗೆ ನೋಡಲು ಹೇಳಿ.

ತೊಂದರೆ ಕೊಡುವವರು ಮುಂಚಿತವಾಗಿ ಹಡಗು ಹತ್ತುವ ಕೆಲಸಗಾರರು. ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಡ್ರೈ ಡಾಕ್‌ನಲ್ಲಿ ನಿಂತ ಪ್ರತಿ ದಿನವೂ ಕಂಪನಿಗೆ ಖರ್ಚೇ ಹೊರತು ಟಿಕೆಟ್ ಹಣವಿಲ್ಲ. ಅದಕ್ಕೇ ಸಾಧ್ಯವಾದಷ್ಟು ಕೆಲಸವನ್ನು ಪ್ರಯಾಣಿಕರು ಇರುವಾಗಲೇ ಶುರು ಮಾಡಿಬಿಡುತ್ತಾರೆ. ಕಾರಿಡಾರಿಗೆ ಪ್ಲಾಸ್ಟಿಕ್ ಹಾಸುತ್ತಾರೆ, ಒಂದೆರಡು ರೆಸ್ಟೋರೆಂಟಿಗೆ ಬೀಗ ಬೀಳುತ್ತದೆ, ಕೊಳದ ನೀರು ಖಾಲಿಯಾಗುತ್ತದೆ, ಬೆಳಿಗ್ಗೆಯೇ ಡ್ರಿಲ್ಲಿನ ಸದ್ದು. ಇವೆಲ್ಲ ಜಾಹೀರಾತಿನಲ್ಲಿ ಇರುವುದಿಲ್ಲ, ನೀವೇ ಬಾಯಿಬಿಟ್ಟು ಕೇಳಬೇಕು. ನಮ್ಮ ಸುತ್ತಿನಲ್ಲಿ ಯಾವುದು ಮುಚ್ಚಿರುತ್ತದೆ? ನಮ್ಮ ಕ್ಯಾಬಿನ್ ಇರುವ ಡೆಕ್ಕಿನಲ್ಲಿ ಕೆಲಸ ಇದೆಯೇ? ಫೋನಿನ ಮಾತು ನಂಬಬೇಡಿ, ಇಮೇಲಿನಲ್ಲೇ ಉತ್ತರ ತರಿಸಿಕೊಳ್ಳಿ. ಚಾವಣಿ ಇರುವ ಕೊಳದ ಬಗ್ಗೆ ಮರೆಯದೆ ಕೇಳಿ. ಆ ದಾರಿಯ ಕೆಚಿಕನ್ ಪಟ್ಟಣಕ್ಕೆ ವರ್ಷಕ್ಕೆ ಸುಮಾರು ನಮ್ಮ ಆಗುಂಬೆಯ ಅರ್ಧದಷ್ಟು ಮಳೆ ಬೀಳುತ್ತದೆ, ಸೆಪ್ಟೆಂಬರಿನಲ್ಲಂತೂ ಜೋರು. ನೀವು ಒಳಗೆ ಕೂರುವ ಹೊತ್ತೇ ಹೆಚ್ಚು.

ಇನ್ನೊಂದು ವಿಷಯ, ನನ್ನ ಪ್ರಕಾರ ಕಾರ್ಪೆಟ್ಟಿಗಿಂತ ಎಷ್ಟೋ ಮುಖ್ಯ. ಹಿಮನದಿಗಳಿಗೆ ಹೆಸರಾದ ಗ್ಲೇಸಿಯರ್ ಬೇ ಒಳಗೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅನುಮತಿ. ನಿಮ್ಮ ಹಡಗು ಅಲ್ಲಿಗೆ ಹೋಗುತ್ತದೆಯೇ, ಬೇರೆ ಹಿಮನದಿಗೆ ಹೋಗುತ್ತದೆಯೇ ಎಂಬುದನ್ನು ಮೊದಲು ನೋಡಿ.

ಯಜಮಾನರ 'ಹೊಸದಾದ ಮೇಲೆ' ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಕ್ವೀನ್ ಎಲಿಜಬೆತ್ 2 ಹಡಗು 1994ರ ಡಿಸೆಂಬರಿನಲ್ಲಿ ಹ್ಯಾಂಬರ್ಗ್‌ನಲ್ಲಿ ನವೀಕರಣ ಮುಗಿಸಿಕೊಂಡು ಬಂತು ಎಂದರು. ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟಾಗ ಕ್ಯಾಬಿನ್‌ಗಳು ಅರ್ಧಂಬರ್ಧ, ಪ್ಲಂಬರ್‌ಗಳು ಇನ್ನೂ ಒಳಗೇ. ನೂರಾರು ಜನರಿಗೆ ಹತ್ತಲು ಜಾಗವೇ ಸಿಗಲಿಲ್ಲ, ಕಂಪನಿ ಪರಿಹಾರ ಕೊಡಬೇಕಾಯಿತು. ಹಳೆಯ ಹಡಗಿನಲ್ಲಿ ಏನು ಕೆಟ್ಟಿದೆ ಎಂದು ಸಿಬ್ಬಂದಿಗೆ ಗೊತ್ತಿರುತ್ತದೆ. ಡಾಕ್‌ನಿಂದ ಆಗಷ್ಟೇ ಇಳಿದ ಹಡಗಿನಲ್ಲಿ ಅದನ್ನು ಮೊದಲ ಕೆಲವು ಸುತ್ತಿನ ಪ್ರಯಾಣಿಕರೇ ಕಂಡುಹಿಡಿಯಬೇಕು. ಹೊಸದೇ ಬೇಕೆಂದರೆ ಎರಡು ತಿಂಗಳಾದರೂ ಕಳೆಯಲಿ.

ವೀಸಾ ಮರೆಯಬೇಡಿ. ವಿದೇಶಿ ಬಾವುಟದ ಹಡಗು ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕು. ಇದು 1886ರ ಅಮೆರಿಕನ್ ಕಾನೂನಿನ ಫಲ. ಹೆಚ್ಚಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾ ಜೊತೆಗೆ ಕೆನಡಾದ್ದೂ ಬೇಕು. ಡಾಕ್‌ನ ದಿನ ಮುಂಚೆಯೇ ಬಂದು ನಿಮ್ಮ ಸುತ್ತು ರದ್ದಾದರೆ ಕಂಪನಿ ಟಿಕೆಟ್ ಹಣ ಮರಳಿಸೀತು. ವೀಸಾದ ಖರ್ಚು ನಿಮ್ಮದೇ. ಮಗಳ ಮನೆಗೆ ಹೇಗೂ ಹೋಗುತ್ತಿದ್ದೀರಿ, ವಿಮಾನದ ದುಡ್ಡು ವ್ಯರ್ಥವಾಗುವುದಿಲ್ಲ.

ಪ್ರಶ್ನೆ: ನವೀಕರಣಕ್ಕೆ ಹೋಗುತ್ತದೆ ಎಂದರೆ ಹಡಗಿನಲ್ಲಿ ದೋಷವಿದೆ ಎಂದೇ?
– ಓದುಗರು, ಮಂಗಳೂರು

ಉತ್ತರ: ಅಲ್ಲ. ಟೈಟಾನಿಕ್ ಮುಳುಗಿದ ಬಳಿಕ 1914ರಲ್ಲಿ ಮೊದಲು ರೂಪುಗೊಂಡ, ಸಮುದ್ರಯಾನದ ಸುರಕ್ಷತೆಯ ಸೋಲಾಸ್ ಒಪ್ಪಂದದ ಈಗಿನ ನಿಯಮಗಳ ಪ್ರಕಾರ ಪ್ರಯಾಣಿಕ ಹಡಗಿನ ತಳವನ್ನು ಸಾಮಾನ್ಯವಾಗಿ ಐದು ವರ್ಷಕ್ಕೆ ಎರಡು ಸಲ ನೀರಿನಿಂದ ಹೊರಗೆ ಪರೀಕ್ಷಿಸಬೇಕು. ಉಳಿದ ವರ್ಷಗಳಲ್ಲಿ ಮುಳುಗುಗಾರರು ನೀರೊಳಗೇ ನೋಡುತ್ತಾರೆ. ತಳಕ್ಕೆ ಅಂಟಿದ ಚಿಪ್ಪುಜೀವಿಗಳನ್ನು ಕೆರೆಯುವುದು, ಬಣ್ಣ ಹೊಡೆಯುವುದು, ಪ್ರೊಪೆಲರ್ ನೋಡುವುದು ಅಸಲಿ ಕೆಲಸ. ಹಡಗು ಹೇಗೂ ನಿಂತಿದೆಯಲ್ಲ ಎಂದು ಸೋಫಾವನ್ನೂ ಬದಲಿಸುತ್ತಾರೆ.

ಪ್ರಶ್ನೆ: ಹಡಗು ನವೀಕರಣಕ್ಕೆ ಹೋಗುವ ವಿಷಯ ಬುಕ್ ಮಾಡಿದ ಮೇಲೆ ತಿಳಿಯಿತು. ಹಣ ವಾಪಸ್ ಕೇಳಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹಡಗು ಹಳೆಯದಾಯಿತು ಎಂಬ ಕಾರಣಕ್ಕೆ ಸಿಗುವುದು ಕಷ್ಟ. ಆದರೆ ಜಾಹೀರಾತಿನಲ್ಲಿ ತೋರಿಸಿದ್ದ ಕೊಳವೋ ರೆಸ್ಟೋರೆಂಟೋ ಮುಚ್ಚಿರುತ್ತದೆ ಎಂದು ಗೊತ್ತಾದರೆ ಹೊರಡುವ ಮುಂಚೆಯೇ ಬರೆದು ಹಡಗಿನಲ್ಲಿ ಖರ್ಚು ಮಾಡಲು ಒಂದಷ್ಟು ಜಮೆ ಕೇಳಿ. ಹಡಗು ಹತ್ತಿದ ಮೇಲೆ ಕೇಳಿದರೆ ರಿಸೆಪ್ಷನ್ನಿನವರು ನಗುನಗುತ್ತಾ ಒಂದು ಫಾರಂ ಕೊಟ್ಟು ಕಳಿಸುತ್ತಾರೆ.